ಖಂಡೇನವಮಿಯ ಸರ್ವರ್

ಸರ್ವರಿನ ಮೇಲೆ ಚೆಂಡುಹೂವಿನ ಮಾಲೆ ಕಂಡದ್ದೇ, ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ನಸ್ರೀನ್ ಒಳಗೆ ಓಡಿಬಂದಳು. “ಇದನ್ನ ಬಂದ್ ಮಾಡಿದ್ರೇನ, ಸುಭಾಷಣ್ಣ?”

“ಖಂಡೇನವಮಿ, ಆಯುಧ ಪೂಜಾ ಅಲ್ರೀ ಮೇಡಂ. ಒರಿಸಿ, ಪೂಜಾ ಮಾಡಿ, ಮತ್ತ ಚಾಲೂ ಮಾಡೀನ್ರಿ,” ಎಂದ ಎಲೆಕ್ಟ್ರಿಶಿಯನ್.

ಸ್ಕ್ಯಾನ್ ಚಿತ್ರಗಳನ್ನು ನೆಟ್‌ವರ್ಕಿನಲ್ಲಿ ಆಪರೇಷನ್ ಕೋಣೆಗೆ ತಲುಪಿಸುವ ಕರ್ನಲ್ ಮಾಡ್ಯೂಲ್ ಎಂಬ ತಂತ್ರಾಂಶದ ತುಣುಕಿನ ಸೆಟ್ಟಿಂಗನ್ನು ಅವಳು ಚಾಲೂ ಇದ್ದ ಯಂತ್ರಕ್ಕೆ ಕೊಟ್ಟಿದ್ದಳಷ್ಟೇ. ಬಂದ್ ಆದರೂ ಉಳಿಯುವಂತೆ ಫೈಲಿನಲ್ಲಿ ಬರೆದಿಡುವುದನ್ನು ನಾಳೆ ನಾಳೆ ಎಂದು ಮುಂದೂಡಿದ್ದಳು. ಬಂದ್ ಆದದ್ದೇ ಯಂತ್ರ ಎಲ್ಲ ಮರೆತಿತ್ತು. ಆಪರೇಷನ್ ಕೋಣೆಯಿಂದ ನರ್ಸಿನ ಫೋನು ಬಂತು: “ಹೊನವಾಡದ ಹೆಣ್ಣಮಗಳ ತಲಿ ತೆರದಾರ್ರಿ, ಸ್ಕ್ಯಾನ್ ಕಾಣವಲ್ದು.”

ನಸ್ರೀನ್ ಸೆಟ್ಟಿಂಗ್ ಮತ್ತೆ ಕೊಟ್ಟಳು. ಚಿತ್ರ ಮೂಡಿತು. ಆಮೇಲೆ ಫೈಲಿನಲ್ಲೂ ಬರೆದಳು. ಬರೆದದ್ದು ನಿಲ್ಲುತ್ತದೋ ಇಲ್ಲವೋ ತಿಳಿಯಲು ಒಂದೇ ದಾರಿಯಿತ್ತು. ರೋಗಿಯನ್ನು ವಾರ್ಡಿಗೆ ತಂದ ಮೇಲೆ, “ಸುಭಾಷಣ್ಣ, ಇನ್ನೊಮ್ಮಿ ಬಂದ್ ಮಾಡಿ ಚಾಲೂ ಮಾಡ್ರಿ,” ಎಂದು ಮಾಲೆಯ ಮುಂದೆ ಕಣ್ಣು ಮುಚ್ಚಿ ನಿಂತಳು.