ರೋಸ್ಲಿನ್ ಹಿಂದೆ ಯಾರು?

"ರೋಸ್ಲಿನ್ ಹಿಂದೆ ಯಾರು ಬರ್ತೀರಿ?" ಸವಾರಿಯ ಮುಂದಾಳು ಕೆಲ್ವಿನ್ ಕೇಳಿದ.

ಬೆಳಗಿನ ಆರೂವರೆ. ಬೆಂಡಿಗೊ ಊರಿನ ಈಜುಕೊಳದ ಮುಂದೆ ಸೈಕಲ್ ಹಿಡಿದು ನಿಂತಿದ್ದ ಹತ್ತು ಮಂದಿಯೂ ಬಗ್ಗಿ ತಂತಮ್ಮ ಚಕ್ರದ ಗಾಳಿ ನೋಡತೊಡಗಿದರು. ಹೋದ ಸೆಪ್ಟೆಂಬರಿನಲ್ಲಿ, ಸೈಕಲ್ ಕ್ಲಬ್ಬಿನ ಸವಾರಿಗೆ ಬಂದ ಮೊದಲ ದಿನವೇ, ಗೂಡು ಕಾಯುತ್ತಿದ್ದ ಮ್ಯಾಗ್‌ಪೈ ಹಕ್ಕಿಯೊಂದು ತಲೆಗೆ ಎರಗಿದ್ದಕ್ಕೆ ಬೆಚ್ಚಿ ರೋಸ್ಲಿನ್ ಗಕ್ಕನೆ ಬ್ರೇಕ್ ಹಿಡಿದಿದ್ದಳು. ಹಿಂದಿದ್ದ ಗ್ರೆಟಾ ಅವಳ ಚಕ್ರಕ್ಕೆ ಬಡಿದು ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದಳು. ಆಮೇಲೆ ರೋಸ್ಲಿನ್ ಈ ಕಡೆ ತಲೆ ಹಾಕಿದ್ದು ಇವತ್ತೇ. ಇವತ್ತೂ ಹಾಗೇ ಆದರೆ ಸೈಕಲ್ ಮಾರಿಬಿಡುವುದೆಂದು ನಿಶ್ಚಯಿಸಿಕೊಂಡೇ ಬಂದಿದ್ದಳು.

"ನಾನು ಕಟ್ಟಕಡೇಲಿ ಬರ್ತೀನಿ ಬಿಡಿ," ಎಂದಳು. "ಯಾರಿಗೂ ತೊಂದ್ರೆ ಇರಲ್ಲ."

"ಹೊಸಬರನ್ನ ಬಾಲಕ್ಕೆ ಹಾಕಲ್ಲ. ಹಿಂದೆ ಉಳಿದ್ರೆ ನಮಗೆ ಗೊತ್ತೇ ಆಗಲ್ಲ. ಹೋದ ವರ್ಷ ಏನೂ ಹೇಳಿಕೊಡದೆ ಕರ್ಕೊಂಡು ಹೋದ್ವಲ್ಲ, ಅದು ನಮ್ಮ ತಪ್ಪು." ಹಕ್ಕಿ ಬೆದರಲೆಂದು ಕೆಲ್ವಿನ್ ಅವಳ ಹೆಲ್ಮೆಟ್ಟಿಗೆ ಪ್ಲಾಸ್ಟಿಕ್ಕಿನ ಕೇಬಲ್ ಟೈಗಳನ್ನು ಬಿಗಿದು ತುದಿಗಳನ್ನು ಮೇಲಕ್ಕೆ ನಿಲ್ಲಿಸಿದ. "ಈಗ ನೀವು ಮುಳ್ಳುಹಂದಿ. ಗಾಬರಿ ಆದ್ರೆ ಕೂಗಿ, ಬಾಯಿಗೆ ಬಂದಂಗೆ ಬೈರಿ. ಬ್ರೇಕ್ ಮಾತ್ರ ಮುಟ್ಟಬೇಡಿ."

"ಅವಳ ಹಿಂದೆ ನಾನು," ಎಂದಳು ಗ್ರೆಟಾ.

"ಬೇಡ ಗ್ರೆಟಾ, ನೀನೊಬ್ಬಳು ಬೇಡ!" ಎಂದಳು ರೋಸ್ಲಿನ್.

"ಯಾಕಮ್ಮ? ಇನ್ನೊಂದು ಹೆಗಲು ಗಟ್ಟಿಯಾಗೇ ಇದೆ."

ಎಲ್ಲರೂ ಗೊಳ್ಳೆಂದು ನಕ್ಕರು. ರೋಸ್ಲಿನ್‌ಗೆ ನಗು ಬರಲಿಲ್ಲ.

ಇಬ್ಬಿಬ್ಬರಾಗಿ ಹೊರಟರು. ಗಂಟೆಗೆ ಇಪ್ಪತ್ತೆಂಟು ಕಿಲೋಮೀಟರ್. ಚಕ್ರಕ್ಕೂ ಚಕ್ರಕ್ಕೂ ಒಂದು ಮೀಟರ್ ಅಂತರ. ಮುಂದಿನವರು "ಗುಂಡಿ!" ಎಂದರೆ ಆ ಕೂಗು ಕೈಯಿಂದ ಕೈಗೆ ಚೆಂಡು ದಾಟಿದಂತೆ ಹಿಂದಕ್ಕೆ ಹೋಗುತ್ತಿತ್ತು. ಹೋದ ವರ್ಷ ಗ್ರೆಟಾ ಬಿದ್ದಿದ್ದ, ನೀಲಗಿರಿ ಮರಗಳ ಆ ತಿರುವು ಬಂತು. ರಪ್ಪನೆ ರೆಕ್ಕೆಯ ಗಾಳಿ. ಟಕ್! ಕೊಕ್ಕು ಹೆಲ್ಮೆಟ್ಟಿಗೆ ಬಡಿಯಿತು. ಮತ್ತೆ ಟಕ್! ಬೆರಳುಗಳು ಬ್ರೇಕಿನತ್ತ ಜಿಗಿದವು. ಬಲವಂತವಾಗಿ ಹಿಂದಕ್ಕೆಳೆದುಕೊಂಡು ಎದೆಯೊಡೆಯುವಂತೆ ಕೂಗಿದಳು:

"ಹಕ್ಕಿ! ಹಾಳಾದ್ ಹಕ್ಕಿ!"

"ಹಾಳಾದ್ ಹಕ್ಕಿ!" ಎಂದಳು ಹಿಂದಿನಿಂದ ಗ್ರೆಟಾ. "ಹಾಳಾದ್ ಹಕ್ಕಿ!" ಎಂದಿತು ಸಾಲಿಗೆ ಸಾಲೇ. ಒಂದು ಚಕ್ರವೂ ಅತ್ತಿತ್ತ ವಾಲಲಿಲ್ಲ. ತಿರುವು ಹಿಂದೆ ಬಿತ್ತು. ರೋಸ್ಲಿನ್ ಚಿಕ್ಕ ಹುಡುಗಿಯಂತೆ ಕೇಕೆ ಹಾಕಿದಳು.

ನಲವತ್ತು ಕಿಲೋಮೀಟರ್ ಮುಗಿಸಿ ಕಾಫಿ ಅಂಗಡಿಯಲ್ಲಿ ಕೂತಾಗಲೂ ಅವಳ ಮಾತು ನಿಂತಿರಲಿಲ್ಲ. "ಗ್ರೆಟಾ, ನಿಂಗೆ ಒಂಚೂರೂ ಭಯ ಆಗ್ಲಿಲ್ವಾ?"

"ನಂಗಾ? ಭಯಾನಾ?"

"ಸರಿ, ಕಾಫಿ ಆರ್ತಾ ಇದೆ, ಕುಡಿ."

ಗ್ರೆಟಾ ಮೇಜಿನಡಿಯಿಂದ ಎರಡೂ ಕೈ ಮೇಲೆ ತಂದಳು. ದಾರಿಯುದ್ದಕ್ಕೂ ಬ್ರೇಕಿನ ಹಿಡಿಕೆಯ ಮೇಲಿಂದ ಕದಲದ ಬೆರಳುಗಳು ಇನ್ನೂ ಕೊಕ್ಕೆಯ ಹಾಗೆ ಬಾಗಿಯೇ ಇದ್ದವು.

"ನೀನೇ ಕುಡಿಸು," ಎಂದಳು.