ಕಟ್ಟೆ ದಾಟದವರು

ಟ್ರಾಕ್ಟರಿನ ಟ್ರಾಲಿ ಮೇಲೆದ್ದು, ಹಿನ್ನೀರಿನ ತಳದಿಂದ ತಂದ ಗೋಡು ಮಣ್ಣೆಲ್ಲ ಗದ್ದೆಗೆ ಸುರಿದ ಮೇಲೆ, ಕಡೆಯಲ್ಲಿ ಒಂದು ಕುಡಿಕೆ ಉರುಳಿಕೊಂಡು ಬಂದು ಬೆಟ್ಟಮ್ಮನ ಕಾಲ ಹತ್ತಿರ ನಿಂತಿತು. ಬಾಯಿಗೆ ಬಟ್ಟೆ ಕಟ್ಟಿತ್ತು. ಸೆರಗಿನಿಂದ ಕೆಸರು ಒರೆಸಿದಳು. ಅವಳ ಸೀರೆಯದೇ ಕೆಂಪು ಅಂಚು, ಅವಳೇ ಹಾಕಿದ ಗಂಟು.

"ನಿಮ್ಮಪ್ಪ ಕಣ್ಲಾ," ಎಂದಳು.

ಟ್ರಾಕ್ಟರಿನ ಮೇಲಿದ್ದ ಮಗ ಪುಟ್ಟರಾಜು ಎಂಜಿನ್ ಆರಿಸಿ ಕೆಳಗಿಳಿದ.

ಅವಳ ಗಂಡ ಕುಳ್ಳಯ್ಯ ಬೆಲ್ಲದ ಲಾರಿ ಓಡಿಸುತ್ತಿದ್ದವನು. ಕಾವೇರಿ ಕಡಲು ಸೇರುವ ಕಡೆ ಒಬ್ಬ ವ್ಯಾಪಾರಿಯ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಬಂದಿದ್ದ. ಇನ್ನೊಂದು ಸಲ ಹೋದಾಗ ಆ ಮನೆ ಇದ್ದ ಜಾಗದಲ್ಲಿ ಅಲೆ ಬಡಿಯುತ್ತಿತ್ತಂತೆ. ಹೊಳೆ ತರುತ್ತಿದ್ದ ಮಣ್ಣು ಅಣೆಕಟ್ಟುಗಳ ಹಿಂದೆಯೇ ನಿಂತುಬಿಡುತ್ತದೆ, ಅದಕ್ಕೇ ಕಡಲು ದಡವನ್ನು ತಿನ್ನುತ್ತಾ ಬರುತ್ತಿದೆ ಎಂದು ಅಲ್ಲಿನವರು ಹೇಳಿದ್ದು ಅವನ ತಲೆಯಲ್ಲಿ ಕೂತುಬಿಟ್ಟಿತು. ಅವರ ಮನೆತನದಲ್ಲಿ ಸತ್ತವರನ್ನು ಹೂಳುವುದೇ ವಾಡಿಕೆ. ಅವನು ಮಾತ್ರ, "ನನ್ನ ಸುಟ್ಟು ಬೂದಿನ ಹೊಳೆಗೆ ಬುಡಿ. ನಮ್ಮ ಮಣ್ಣಂತೂ ಅಲ್ಲಿಗೆ ಓಯ್ತಿಲ್ಲ, ನಾನಾದ್ರೂ ಒಂದು ಹಿಡಿ ಓಯ್ತೀನಿ," ಎಂದು ಹಟ ಹಿಡಿದೇ ಸತ್ತ.

ಬೂದಿಯ ಕುಡಿಕೆಯನ್ನು ಬಿಟ್ಟದ್ದೆಲ್ಲಿ? ಊರ ಮುಂದಿನ ಹಿನ್ನೀರಿಗೆ! ಚಿನಕುರಳಿಯ ನೆಂಟರಿಗೆ ಬಸ್ಸಿನ ಅವಸರ, ಮನೆಯವರಿಗೆ ಅಡುಗೆಯ ಅವಸರ. ಅಷ್ಟು ಜನದಲ್ಲಿ ಒಬ್ಬರಿಗಾದರೂ, ಕಡಲಿಗೆ ಹೋಗುವ ದಾರಿಯಲ್ಲಿ ಕನ್ನಂಬಾಡಿ ಕಟ್ಟೆ ಅಡ್ಡ ನಿಂತಿದೆ ಎಂಬುದು ಹೊಳೆಯಬೇಡವೇ? ಬೆಟ್ಟಮ್ಮನಿಗೂ ಹೊಳೆದಿರಲಿಲ್ಲ. ಅದು ಹೊಳೆದದ್ದು ಈಗ.

"ಇಷ್ಟು ವರ್ಸ ಇಲ್ಲೇ ಕುಂತಿದ್ರಾ?" ಎಂದು ಕುಡಿಕೆಯನ್ನೇ ಕೇಳಿದಳು. ಆಮೇಲೆ ಮಗನಿಗೆ, "ನಡೀಲಾ, ಇದು ಎಲ್ಲಿತ್ತು ಅಂತ ತೋರ್ಸು," ಎಂದಳು.

ಹಿನ್ನೀರು ಬಹಳ ದೂರ ಇಳಿದುಹೋಗಿತ್ತು. ಬಿರುಕು ಬಿಟ್ಟ ನೆಲದಲ್ಲಿ ಗೋಡು ಅಗೆಯುತ್ತಿದ್ದ ಜೆಸಿಬಿಯ ನಂಜಪ್ಪ, ಅವಳ ಕೈಲಿದ್ದುದನ್ನು ಕಂಡು ಯಂತ್ರ ನಿಲ್ಲಿಸಿ ಇಳಿದು ಬಂದ.

"ಅದೊಂದೇ ಅಲ್ಲ ಕಣಕ್ಕ," ಎಂದು ಪಕ್ಕಕ್ಕೆ ಕೈ ತೋರಿಸಿದ.

ಅಲ್ಲಿ ನೂರಾರು ಕುಡಿಕೆಗಳು ಮಗ್ಗುಲಾಗಿ ಬಿದ್ದಿದ್ದವು. ಕೆಲವಕ್ಕೆ ಬಟ್ಟೆ ಹಾಗೇ ಇತ್ತು, ಕೆಲವದ್ದು ಕೊಳೆತು ಹೋಗಿತ್ತು. ಎಲ್ಲದರ ಬಾಯಿಯೂ ಕಟ್ಟೆಯ ಕಡೆಗಿತ್ತು.

"ಇಂಗ್ಯಾಕೆ ಜೋಡ್ಸಿದ್ದೀಯ ನಂಜಪ್ಪ?"

"ನಾನ್ ಜೋಡ್ಸಿಲ್ಲ ಕಣಕ್ಕ. ಅಗೆದು ಎಂಗೆಂಗೋ ಆಕ್ತೀನಿ. ಉಂಡು ಬರೋದ್ರೊಳಗೆ ಇಂಗೆ ತಿರೀಕಂಡಿರ್ತವೆ."

ಪುಟ್ಟರಾಜು ಅವ್ವನ ತೋಳು ಹಿಡಿದೆಳೆದ. "ಅವ್ವ, ನಮ್ದು ಸಿಕ್ತಲ್ಲ. ಸಿರಂಗಪಟ್ಣದ ಸಂಗಮದಲ್ಲಿ ಬುಟ್ಬುಡಾನ. ಅದು ಕಟ್ಟೆಯಿಂದ ಕೆಳಗಾಯ್ತದೆ. ಬೇರೇರದ್ದು ನಮಗ್ಯಾಕೆ, ನಡಿ."

ಬೆಟ್ಟಮ್ಮನಿಗೂ ಅದೇ ಸರಿ ಅನ್ನಿಸಿತು. ಕೂಸನ್ನು ಎತ್ತಿಕೊಂಡ ಹಾಗೆ ಕುಡಿಕೆಯನ್ನು ಸೊಂಟಕ್ಕೇರಿಸಿಕೊಂಡು ಟ್ರಾಕ್ಟರಿನ ಕಡೆ ಹೊರಟಳು. ಗಂಡನ ಮಾತು ನಡೆಯಿತಲ್ಲ ಎಂದು ಮನಸ್ಸು ಹಗುರಾಯಿತು.

ಗಾಳಿ ಇರಲಿಲ್ಲ. ಆದರೂ ಬೆನ್ನ ಹಿಂದೆ ಮಡಕೆಗೆ ಮಡಕೆ ತಾಗುವ ಸದ್ದು ಕೇಳಿಸಿತು. ನಂಜಪ್ಪ "ಅಯ್ಯೋ ಸಿವನೇ" ಎನ್ನುತ್ತಾ ಜೆಸಿಬಿ ಹತ್ತಿಬಿಟ್ಟಿದ್ದ. ಬೆಟ್ಟಮ್ಮ ನಿಧಾನಕ್ಕೆ ತಿರುಗಿ ನೋಡಿದಳು.

ಒಂದು ಕುಡಿಕೆಯೂ ಈಗ ಕಟ್ಟೆಯ ಕಡೆ ನೋಡುತ್ತಿರಲಿಲ್ಲ. ಎಲ್ಲದರ ಬಾಯಿಯೂ ಅವಳ ಕಡೆಗೆ ತಿರುಗಿತ್ತು.