ಮೂರು ಸಲ ಕೆಟ್ಟ ಏಸಿ

ಇದು ಯಂತ್ರ ತಾನಾಗಿ ತಂದುಕೊಂಡ ಕಾಯಿಲೆಯಲ್ಲ, ಯಾರದೋ ಕೈವಾಡ. ಎರಡನೇ ಸಲ ಏಸಿಯ ಮುಂದಿನ ಜಾಲರಿ ಬಿಚ್ಚಿದ ಕೂಡಲೇ ಚಲುವರಾಜುವಿಗೆ ಅದು ಖಾತ್ರಿಯಾಯಿತು.

ಕೋಣೆಯ ಶಾಖ ನೋಡುವ ಸೆನ್ಸರು ಅಂದರೆ ಬೆರಳುದ್ದದ ತಾಮ್ರದ ಕಡ್ಡಿ. ಅದು ಒಳಗಿನ ತಣ್ಣನೆಯ ಕೊಳವೆಗಳಿಂದ ಎರಡು ಬೆರಳು ಈಚೆಗೆ, ಗಾಳಿಯಲ್ಲಿ ನಿಂತಿರಬೇಕು. ಕೊಳವೆಗೆ ತಗುಲಿತೋ, ಕೋಣೆಯೇ ತಣ್ಣಗಾಯಿತೆಂದು ಮೋಸಹೋಗಿ ಕಂಪ್ರೆಸರನ್ನು ನಿಲ್ಲಿಸಿಬಿಡುತ್ತದೆ. ಹದಿನೈದು ದಿನದ ಹಿಂದೆ ಅವನೇ ಅದನ್ನು ಈಚೆಗೆಳೆದು ಕ್ಲಿಪ್ಪು ಹಾಕಿ ಹೋಗಿದ್ದ. ಈಗ ನೋಡಿದರೆ ಕ್ಲಿಪ್ಪು ಬಿಚ್ಚಿದೆ, ಕಡ್ಡಿ ಮತ್ತೆ ಕೊಳವೆಗೆ ಒರಗಿ ಕೂತಿದೆ.

ಯಾರಿಗೆ ಹೇಳುವುದು? ೧೯೯೬ರ ಆ ಬೇಸಿಗೆಯಲ್ಲಿ ಕಿಕ್ಕೇರಿಯ ಸುತ್ತಮುತ್ತ ಮನೆಗೆ ಏಸಿ ಹಾಕಿಸಿದ್ದವರು ಅಕ್ಕಿ ಗಿರಣಿಯ ಮರಿಸ್ವಾಮಿ ಒಬ್ಬರೇ. ಪಾಂಡವಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಫ್ರಿಜ್ಜು ರಿಪೇರಿ ಮಾಡಿಕೊಂಡಿದ್ದ ಚಲುವರಾಜು, ಬೋರ್ಡಿನಲ್ಲಿ ‘ಏಸಿ’ ಎಂಬ ಎರಡಕ್ಷರವನ್ನು ಆಗಷ್ಟೇ ಸೇರಿಸಿದ್ದ. ಇದೊಂದು ಕೈಕೊಟ್ಟರೆ ಆ ಎರಡಕ್ಷರ ಅಳಿಸಬೇಕು. ‘ನಿಮ್ಮ ಮನೆಯವರೇ ಕೆಡಿಸುತ್ತಿದ್ದಾರೆ’ ಎಂದು ಬಾಯಿಬಿಟ್ಟರೆ ಅಂಗಡಿಯನ್ನೇ ಮುಚ್ಚಬೇಕು.

ಅನುಮಾನವೇನೋ ಮರಿಸ್ವಾಮಿಯ ತಾಯಿ ದ್ಯಾವಮ್ಮನ ಮೇಲೆ. ಏಸಿಯ ಕೆಳಗೇ ಅವಳ ಮಂಚ. ಏಪ್ರಿಲ್ ತಿಂಗಳಲ್ಲೂ ಕತ್ತಿನವರೆಗೆ ಕಂಬಳಿ. ಹಣೆಯ ಮೇಲೆ ಮಾತ್ರ ಬೆವರ ಹನಿ.

“ರಿಪೇರಿ ಅತ್ಲಾಗಿರ್ಲಿ, ಕೂತ್ಕೊಳ್ಲಾ ಮಗ. ನಿಮ್ಮಪ್ಪ ಇದ್ದಾನಾ?”

“ಇಲ್ಲ ಅಜ್ಜಿ. ಅವ್ವ ಒಬ್ಳೇ.”

“ಅವ್ವುಂಗೆ ಎದುರು ಮಾತಾಡ್ತೀಯಾ?”

“ಒಂದೊಂದ್ಸಲ.”

ಮುದುಕಿ ಮಾತಿಗೆಳೆದು ತನ್ನ ಗಮನ ತಪ್ಪಿಸುತ್ತಿದ್ದಾಳೆ ಎಂದುಕೊಂಡ ಚಲುವರಾಜು ಕಡ್ಡಿಯ ಕಡೆಗೇ ಕಣ್ಣು ನೆಟ್ಟ. ಬಾಗಿಲಲ್ಲಿ ಇನ್ನೊಂದು ಕಾವಲು. ಸಂತೆಬಾಚಹಳ್ಳಿಯಿಂದ ಬಂದಿದ್ದ ಮರಿಸ್ವಾಮಿಯ ಭಾವಮೈದ ಹೊನ್ನಪ್ಪ ಕುರ್ಚಿ ಹಾಕಿಕೊಂಡು, ಇವನ ಕೈಯನ್ನೇ ನೋಡುತ್ತಾ ಕೂತಿದ್ದರು.

“ಬೀಡಿ ಐತೇನಪ್ಪ?”

“ಸೇದಲ್ಲ ಸಾರ್.”

ಹೊನ್ನಪ್ಪ ಪಕ್ಕದಲ್ಲಿ ನಿಂತಿದ್ದ ಮರಿಸ್ವಾಮಿಯ ಮುಖ ನೋಡಿದರು. ಹೊನ್ನಪ್ಪನವರದೇ ಜೇಬಿನಲ್ಲಿ ತುಂಬಿದ ಬೀಡಿಕಟ್ಟು ಎದ್ದು ಕಾಣುತ್ತಿತ್ತು. ತನ್ನನ್ನು ಕಳ್ಳನೆಂದುಕೊಂಡು ಪರೀಕ್ಷಿಸುತ್ತಿದ್ದಾರೆ ಎಂದು ಚಲುವರಾಜುವಿಗೆ ಮೈ ಉರಿಯಿತು.

ಟಾರ್ಚು ಹಿಡಿದವಳು ಮರಿಸ್ವಾಮಿಯ ಮಗಳು ಪವಿತ್ರ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಮ್ಮು.

“ಈ ಕಡ್ಡಿ ಒಳಗೆ ಏನಿರುತ್ತೆ?”

“ನಿಜ ಹೇಳ್ಬೇಕಂದ್ರೆ ನಂಗೊತ್ತಿಲ್ಲ ಕಣ್ರೀ. ಎಲ್ಲಿಡ್ಬೇಕು ಅನ್ನೋದಷ್ಟೇ ಗೊತ್ತು.”

ಅವಳು ನಕ್ಕು, ಒಳಗೆ ಗ್ಯಾಸಿರುವುದನ್ನೂ ಅದು ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುವುದನ್ನೂ ವಿವರಿಸಿದಳು. ಆ ನಗು ಅವನಿಗೆ ತುಂಬಾ ಹಿಡಿಸಿತು. ಇವಳೆದುರು ದಡ್ಡನಾಗುವುದಂತೂ ಬೇಡವೆಂದು, ಈ ಸಲ ಕ್ಲಿಪ್ಪಿನ ಮೇಲೆ ತಂತಿ ಸುತ್ತಿ ಬಿಗಿ ಮಾಡಿದ.

ಮನೆಯಲ್ಲಿ ಅವ್ವ ಗೌರಮ್ಮ ಬಾಗಿಲಲ್ಲೇ ಕಾದಿದ್ದಳು. ಕೈಯಲ್ಲಿ ಕಾಕಡಾ ಹೂವು, ತೊಡೆಯ ಮೇಲೆ ಬಾಳೆನಾರು. ಹೂವಷ್ಟೇ ಅಲ್ಲ, ಅವನ ಬುತ್ತಿಯ ಡಬ್ಬಿಯನ್ನೂ ಅವಳು ಬಾಳೆನಾರಿನಲ್ಲೇ ಕಟ್ಟುವುದು. ಮೂರು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸಿ ಎಳೆದಳೆಂದರೆ ಹಲ್ಲಿನಲ್ಲೇ ಬಿಚ್ಚಬೇಕು.

“ನಿನ್ ಗಂಟು ಬಿಚ್ಚೋದ್ರಲ್ಲೇ ಹಸಿವು ಸತ್ತೋಯ್ತದೆ ಕಣವ್ವ!”

“ಸಡ್ಲ ಕಟ್ಟಿದ್ರೆ ಉಳೀತದಾ? ಏಸಿ ಸರ್ಯಾಯ್ತಾ? ಕಾಪಿ ಕೊಟ್ರಾ? ಯಾರ್ ತಂದ್ಕೊಟ್ರು?”

ಅವಳ ಬಾಯಿಗೆ ಈಗ ಏಸಿಯಾದರೂ ಸಿಕ್ಕಿತಲ್ಲ ಎಂದು ಅವನಿಗೆ ಸಮಾಧಾನ. ಯುಗಾದಿಯವರೆಗೂ ಒಂದೇ ರಾಗವಿತ್ತು: ಮದುವೆ. ಎರಡು ಮನೆಯಲ್ಲಿ ಕೇಸರಿಬಾತು, ಉಪ್ಪಿಟ್ಟು ತಿಂದು, ತಲೆ ತಗ್ಗಿಸಿ ಕೂತ ಹುಡುಗಿಯರನ್ನು ನೋಡಿ ಬಂದಮೇಲೆ ಅವನು ಕಡ್ಡಿ ಮುರಿದಂತೆ ಹೇಳಿದ್ದ: “ಸಂತೇಲಿ ಹಸ ನೋಡ್ದಂಗೆ ಹೆಣ್ಣು ನೋಡೋಕೆ ಇನ್ ನಾ ಬರಾಕಿಲ್ಲ.” ಗೌರಮ್ಮ “ಆಯ್ತು ಬುಡು” ಎಂದವಳು, ಆಮೇಲೆ ಆ ಮಾತೇ ಎತ್ತಿರಲಿಲ್ಲ.

ಮುಂದಿನ ಶುಕ್ರವಾರ ಅವಳು ಮೇಲುಕೋಟೆಗೆಂದು ರೇಷ್ಮೆ ಸೀರೆ ಉಟ್ಟು ಮೊದಲ ಬಸ್ಸಿಗೇ ಹೊರಟಳು. ಹೋಗುವ ಮುಂಚೆ ಮಗನ ನೀಲಿ ಶರ್ಟಿಗೆ ತಾನೇ ಇಸ್ತ್ರಿ ಹಾಕಿದಳು. ಹತ್ತು ಗಂಟೆಗೆ ಅಂಗಡಿಯ ಫೋನು ಬಡಿದುಕೊಂಡಿತು.

“ಏಸಿ ಮತ್ತೆ ನಿಂತೋಯ್ತು ಕಣಪ್ಪ,” ಎಂದರು ಮರಿಸ್ವಾಮಿ. ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಅವನನ್ನು ಇನ್ನಷ್ಟು ಹೆದರಿಸಿತು.

ದಾರಿಯುದ್ದಕ್ಕೂ ಅವನು ಗಟ್ಟಿ ಮನಸ್ಸು ಮಾಡಿಕೊಂಡ. ಇವತ್ತು ಹೇಳಿಬಿಡುವುದು. ಅಂಗಡಿ ಹೋದರೂ ಸರಿ, ಸುಳ್ಳು ಹೇಳಿ ಪಾರ್ಟು ಬದಲಾಯಿಸುವ ಕೆಲಸ ತನ್ನಿಂದಾಗದು.

ಮನೆ ತುಂಬಾ ಜನ. ದ್ಯಾವಮ್ಮನ ಕಂಬಳಿ, ಹೊನ್ನಪ್ಪನವರ ಕುರ್ಚಿ, ಎಲ್ಲ ಹಾಗೇ ಇತ್ತು. ಚಲುವರಾಜು ಎಲ್ಲರ ಕಡೆಗೂ ತಿರುಗಿ ನಿಂತ.

“ತಪ್ಪು ತಿಳ್ಕೋಬ್ಯಾಡಿ. ಈ ಏಸೀಲಿ ಏನೂ ರೋಗ ಇಲ್ಲ. ಈ ಮನೇಲಿರೋರೇ ಯಾರೋ ಸೆನ್ಸರು ಎಳೆದಾಕ್ತಾವ್ರೆ.”

ಪವಿತ್ರ ಟಾರ್ಚು ಹಚ್ಚಿದಳು. “ಮೊದಲೆರಡು ಸಲ ನಾನೇ ಎಳೆದಿದ್ದು. ಇವತ್ತಿನದು ಮಾತ್ರ ನಂದಲ್ಲ. ಬಿಚ್ಚಿ ನೋಡಿ.”

ಅವನು ಬಿಟ್ಟ ಕಣ್ಣು ಬಿಟ್ಟಂತೆ ಜಾಲರಿ ತೆಗೆದ. ತಂತಿ ಮಾಯ. ಕಡ್ಡಿಯನ್ನು ಕೊಳವೆಗೆ ಬಾಳೆನಾರಿನಲ್ಲಿ ಬಿಗಿದು ಕಟ್ಟಲಾಗಿತ್ತು. ಮೂರು ಸುತ್ತು, ತುದಿ ಒಳಗೆ.

ದ್ಯಾವಮ್ಮ ಕಂಬಳಿ ಕಿತ್ತೆಸೆದಳು. “ಇವ್ಳ ಕಳ್ತನ ಮುಚ್ಚೋಕೆ ಚಳಿ ಅಂತ ನಾಟ್ಕ ಆಡಿ ನಾ ಬೆಂದೋದೆ! ಬೇಗ ತಣ್ಣಗೆ ಮಾಡ್ಲಾ ಮಗ!”

ಅಡುಗೆಮನೆಯಿಂದ ರೇಷ್ಮೆ ಸೀರೆ ಸರಸರ ಅಂದಿತು. ಗೌರಮ್ಮ ಕೇಸರಿಬಾತು, ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದು ಮಗನ ಮುಂದಿಟ್ಟಳು.

“ಹೆಣ್ಣು ನೋಡೋಕೆ ಬರಾಕಿಲ್ಲ ಅಂದ್ಯಲ್ಲಾ, ಅದ್ಕೇ ಮೂರು ಸಲಾನೂ ಅವ್ರೇ ಗಂಡು ನೋಡವ್ರೆ ಕಣ್ಲಾ; ಹುಡುಗಿ ಒಪ್ಪವಳೆ, ತಿನ್ನು.”